ನನ್ನ ಕಡೆಯ ಅಕ್ಷರಗಳು

ಮೊದಲೇ ಹೇಳಿಬಿಡ್ತೀನಿ. ನನ್ನ ಗಂಡನಿಗೆ ಸ್ಟ್ರೋಕ್ ಆದ ದಿನ ಬೆಳಿಗ್ಗೆ ಎಂಟೂವರೆಗೆ ನಾನು ಅವರನ್ನ ಕಣ್ಣಾರೆ ನೋಡಿದ್ದೆ. ಮಾತಾಡಿಸಿದೆ, ನಕ್ಕೆ, ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತ ವಾಪಸ್ ಬಂದೆ. ಆಸ್ಪತ್ರೆಗೆ ಸೇರಿಸಿದ್ದು ಮಧ್ಯಾಹ್ನ ಮೂರೂವರೆಗೆ. ನಡುವೆ ಏಳು ಗಂಟೆ. ಆ ಏಳು ಗಂಟೆ ಎಲ್ಲಿ ಹೋಯ್ತು ಅಂತ ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ, ಯಾಕಂದ್ರೆ ಉತ್ತರ ನನಗೆ ಗೊತ್ತು.

ಬೀದಿಯವರೆಲ್ಲ ಅವರನ್ನ ಬೋರ್ಡಣ್ಣ ಅಂತಲೇ ಕರೀತಿದ್ದರು. ಅಂಗಡಿಗಳಿಗೆ, ಶಾಲೆಗಳಿಗೆ, ದವಾಖಾನೆಗಳಿಗೆ ಕೈಯಲ್ಲೇ ಬೋರ್ಡು ಬರೆಯೋ ಕೆಲಸ. ಫ್ಲೆಕ್ಸ್ ಬಂದ ಮೇಲೆ ಈ ಕಸುಬಿಗೆ ಗ್ರಹಣ ಹಿಡಿದ ಹಾಗಾಯ್ತು, ಒಬ್ಬೊಬ್ಬರೇ ಬ್ರಷ್ಷು ಕೆಳಗಿಟ್ಟರು. ಇವರು ಇಡಲಿಲ್ಲ. "ಫ್ಲೆಕ್ಸು ಎರಡು ಬೇಸಿಗೆಗೆ ಮುಖ ಬಿಳಿಚಿಕೊಳ್ಳುತ್ತೆ ಕಣೇ, ನಮ್ಮ ಅಕ್ಷರ ಅಂಗಡಿ ಮುಚ್ಚಿದ ಮೇಲೂ ಇರುತ್ತೆ" ಅನ್ನೋರು. ಬಸ್ಸಲ್ಲಿ ಇವರ ಜೊತೆ ಹೋಗೋದು ಅಂದ್ರೆ ತಲೆನೋವು. ದಾರಿಯುದ್ದಕ್ಕೂ ಪ್ರತಿ ಬೋರ್ಡನ್ನೂ ಓದಿ, "ಈ 'ಳ' ನೋಡು, ಹೊಟ್ಟೆನೋವು ಬಂದವರ ಥರ ಮುದುರಿಕೊಂಡಿದೆ" ಅಂತ ಗಟ್ಟಿಯಾಗಿ ಹೇಳೋರು. ಪಕ್ಕದಲ್ಲಿ ಕೂತವರು ನನ್ನ ಮುಖ ನೋಡೋರು. ನಾನು ಕಿಟಕಿ ಕಡೆ ತಿರುಗಿ ಇವರು ಯಾರೋ ಗೊತ್ತಿಲ್ಲ ಅನ್ನೋ ಹಾಗೆ ಕೂತುಬಿಡ್ತಿದ್ದೆ.

ನಾವಿಬ್ಬರೂ ಸಿಕ್ಕಿದ್ದು ಒಂದು ಶಾಲೆಯಲ್ಲಿ. ನಾನು ಗೋಡೆಗೆ ಸುಣ್ಣ ಹೊಡೆಯೋ ಕೂಲಿಗೆ ಹೋಗಿದ್ದೆ. ಇವರು ಏಣಿ ಹತ್ತಿ ಬಾಗಿಲ ಮೇಲೆ ಶಾಲೆ ಹೆಸರು ಬರೀತಿದ್ದರು. ನನ್ನ ಬಾಯಿ ಸುಮ್ಮನಿರಲ್ಲ ನೋಡಿ, "ಸಾಲು ಸೊಟ್ಟ ಇದೆ" ಅಂದೆ. "ಸುಣ್ಣ ಬಳಿಯೋರಿಗೆ ಸಾಲಿನ ಚಿಂತೆ ಯಾಕಮ್ಮ?" ಅಂದರು. ಅಂದವರು ಸುಮ್ಮನಿರದೆ ದಾರ ಹಿಡಿದು ಅಳೆದರು. ಒಂದು ಬೆರಳು ಸೊಟ್ಟ ಇತ್ತು. ಪೂರ್ತಿ ಅಳಿಸಿ ಮತ್ತೆ ಬರೆದರು, ಮುಗಿಯೋವರೆಗೂ ನನ್ನ ಕಡೆ ನೋಡಲಿಲ್ಲ. ಮೂರು ತಿಂಗಳಾದ ಮೇಲೆ ನಮ್ಮಪ್ಪನ ಹತ್ತಿರ ಬಂದು, "ನಿಮ್ಮ ಮಗಳ ಕಣ್ಣು ಚೆನ್ನಾಗಿದೆ, ನನ್ನ ಕೆಲಸಕ್ಕೆ ಬೇಕು" ಅಂದರಂತೆ. ಹೆಣ್ಣು ಕೇಳೋ ಚೆಂದ ನೋಡಿ.

ಮದುವೆಯಾದ ಮೇಲೆ ನನ್ನ ಕೈಗೂ ಬ್ರಷ್ಷು ಕೊಟ್ಟರು. ಇವರದ್ದೊಂದು ಪದ್ಧತಿ ಇತ್ತು, ಅದನ್ನ ನೀವು ಸರಿಯಾಗಿ ತಿಳ್ಕೋಬೇಕು, ಇಲ್ಲದಿದ್ದರೆ ನಾನು ಮಾಡಿದ ತಪ್ಪು ನಿಮಗೆ ಅರ್ಥವಾಗಲ್ಲ. ಮೊದಲು ಪೂರ್ತಿ ಬೋರ್ಡಿನ ಅಕ್ಷರಗಳನ್ನ ಸೀಮೆಸುಣ್ಣದಲ್ಲಿ ಗೀಚಿಟ್ಟುಕೊಳ್ಳೋರು. ಬಣ್ಣ ತುಂಬುವಾಗ ಮಾತ್ರ ಕೊನೇ ಅಕ್ಷರದಿಂದ ಶುರು. ಕೊನೇ ಅಕ್ಷರಕ್ಕೆ ಜಾಗ ಸಾಲದೆ ಹಿಂಡಿ ಬರೆಯೋದು ಕೆಲಸ ಕಲಿಯದವರ ಲಕ್ಷಣ ಅಂತ ಇವರ ವಾದ. ಇವರು ಬಲತುದಿಯಿಂದ ಎಡಕ್ಕೆ ಬರೋರು, ನಾನು ಮೊದಲ ಅಕ್ಷರದಿಂದ ಬಲಕ್ಕೆ ಹೋಗೋಳು. ಎಡಗಡೆ ಅರ್ಧ ಯಾವಾಗಲೂ ನನ್ನದು. ಎಲ್ಲೋ ನಡುವೆ ಒಂದು ಅಕ್ಷರದಲ್ಲಿ ಇಬ್ಬರ ಬ್ರಷ್ಷೂ ಸೇರೋವು. ಆಗ ಇವರು ತಲೆ ಎತ್ತದೆ "ಬಂದ್ಯಾ?" ಅನ್ನೋರು. ನಾನು "ಬಂದೆ" ಅನ್ನಬೇಕು. ಬೆಳಿಗ್ಗೆ ಜಗಳ ಆಡಿ ಮಾತು ಬಿಟ್ಟಿದ್ದ ದಿನಾನೂ ಅಷ್ಟು ಮಾತ್ರ ಹೇಳಲೇಬೇಕಿತ್ತು. ಮೂವತ್ತೊಂದು ವರ್ಷ ಹೀಗೇ ನಡೀತು.

ನನ್ನ ಕೋಪ ಇವರಿಗೆ ದೊಡ್ಡ ತಮಾಷೆ. ಅಡುಗೆಮನೆ ಡಬ್ಬಿಗಳಿಗೆಲ್ಲ ನೆರಳು ಕೊಟ್ಟು ಚೆಂದವಾಗಿ ಹೆಸರು ಬರೆದಿದ್ದರು. ಉಪ್ಪಿನ ಡಬ್ಬಿ ಮೇಲೆ ಮಾತ್ರ "ಕೋಪ ಇಳಿದ ಮೇಲೆ ಮುಟ್ಟಿ" ಅಂತ ಬರೆದಿದ್ದರು. ಮನೆಗೆ ಬಂದವರೆಲ್ಲ ಅದನ್ನ ಓದಿ ನಗೋರು. ಎಷ್ಟು ಸಲ ಉಜ್ಜಿದರೂ ಹೋಗಲಿಲ್ಲ, ಎನಾಮಲ್ ಬಣ್ಣ ಅದು.

ಒಬ್ಬಳೇ ಮಗಳು. ಚಿಕ್ಕಂದಿನಿಂದ ಸೈಕಲ್ ಹುಚ್ಚು, ಬಿಚ್ಚಿದ್ದೇ ಬಿಚ್ಚಿದ್ದು. ಕೊನೆಗೆ ಬೀದಿ ಮೂಲೆಯಲ್ಲಿ ಒಂದು ಶಟರ್ ಬಾಡಿಗೆಗೆ ಹಿಡಿದು ರಿಪೇರಿ ಅಂಗಡಿ ಹಾಕ್ತೀನಿ ಅಂದಳು. ಅಪ್ಪ ಕುಣಿದಾಡೋದೊಂದು ಬಾಕಿ. ಒಳ್ಳೇ ತಗಡು ತಂದು, ನೀಲಿ ಬಣ್ಣ ಎರಡು ಕೋಟ್ ಹೊಡೆದು, "ಚಕ್ರ ಸೈಕಲ್ ರಿಪೇರಿ ಅಂಗಡಿ" ಅಂತ ಗೀಚಿಟ್ಟರು. ಅಷ್ಟರಲ್ಲಿ ಕೊರೋನಾ ಬಂತು, ಶಟರ್ ತೆರೆಯೋ ಮೊದಲೇ ಎಲ್ಲರ ಶಟರೂ ಇಳೀತು.

ವಿಚಿತ್ರ ಏನಂದ್ರೆ ಆಗಲೇ ಇವರಿಗೆ ಕೈತುಂಬ ಕೆಲಸ. "ಮಾಸ್ಕ್ ಧರಿಸಿ", "ಅಂತರ ಕಾಪಾಡಿ", "ಒಬ್ಬೊಬ್ಬರೇ ಒಳಗೆ ಬನ್ನಿ". ಔಷಧಿ ಅಂಗಡಿಗಳ ಮುಂದೆ ನೆಲದ ಮೇಲೆ ಬಿಳಿ ವೃತ್ತ ಬರೆಯೋದೂ ಇವರೇ. ಅಂತರ ಕಾಪಾಡಿ ಅಂತ ಇನ್ನೂರು ಸಲ ಬರೆದ ಮನುಷ್ಯನಿಗೇ ರೋಗ ಅಂಟಿತು. "ನನ್ನ ಬೋರ್ಡು ನಾನೇ ಓದಲಿಲ್ಲ ನೋಡು" ಅಂತ ಕೆಮ್ಮುತ್ತಾ ನಕ್ಕರು.

ಅಂಗಳದ ಆಚೆ ಇವರ ಕೆಲಸದ ಕೋಣೆ ಇತ್ತು. ಅಲ್ಲೇ ಬೇರೆ ಇರ್ತೀನಿ ಅಂತ ಹಾಸಿಗೆ ಹಾಕ್ಕೊಂಡರು. ಕೋಣೆಗೆ ಒಂದು ಬಾಗಿಲು, ಒಂದು ಕಿಟಕಿ. ಊಟ ಕಿಟಕಿಯ ಕಟ್ಟೆ ಮೇಲಿಟ್ಟು ನಾನು ದೂರ ಸರೀಬೇಕು, ಆಮೇಲೆ ಇವರು ಮಾಸ್ಕ್ ಹಾಕ್ಕೊಂಡು ಬಂದು ತಗೋಬೇಕು. ಕಿಟಕಿಗೆ ಆನಿಸಿ ಒಂದು ಹಳೇ ಹಲಗೆ ಇಟ್ಟುಕೊಂಡು ದಿನಾ ಬೆಳಿಗ್ಗೆ ನನಗೊಂದು ಸಾಲು ಬರೆಯೋರು. "ಜ್ವರ ನೂರೊಂದು, ಟೀ ಸಪ್ಪೆ." "ಜ್ವರ ಇಲ್ಲ, ಟೀ ಇನ್ನೂ ಸಪ್ಪೆ." ಹತ್ತನೇ ದಿನಕ್ಕೆ ಜ್ವರ ಪೂರ್ತಿ ಬಿಟ್ಟಿತ್ತು. ಉಸಿರಾಟ ಚೆನ್ನಾಗಿತ್ತು, ನಾಲಿಗೆಗೆ ರುಚಿ ಬಂದಿತ್ತು. ಗೆದ್ದುಬಿಟ್ಟೆವು ಅಂದ್ಕೊಂಡೆ. ಬೇಜಾರು ಕಳೆಯೋಕೆ ಮಗಳ ಬೋರ್ಡನ್ನ ಕಿಟಕಿ ಪಕ್ಕದ ಗೋಡೆಗೆ ಒರಗಿಸಿಕೊಂಡು ಬಣ್ಣ ತುಂಬ್ತೀನಿ ಅಂದರು. ತುಂಬಿ ಅಂದೆ.

ಹನ್ನೆರಡನೇ ದಿನ. ಬೆಳಿಗ್ಗೆ ಎಂಟೂವರೆ. ತಿಂಡಿ ತಟ್ಟೆ ಹಿಡ್ಕೊಂಡು ಕಿಟಕಿಗೆ ಹೋದೆ. ಅವತ್ತು ಹಲಗೆ ಮೇಲೆ ಏನೂ ಬರೆದಿರಲಿಲ್ಲ. ಇವರು ಬೋರ್ಡಿನ ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿದ್ದರು, ಮುಖಕ್ಕೆ ಮಾಸ್ಕ್ ಇತ್ತು. ಕಿಟಕಿ ಇವರ ಎಡಕ್ಕಿತ್ತು. ಶರ್ಟಿನ ಎಡತೋಳು ಹಾಕಿಕೊಳ್ಳದೆ ಸುಮ್ಮನೆ ಜೋತಾಡ್ತಿತ್ತು. ಸೆಕೆ ಇರಬೇಕು ಅಂದ್ಕೊಂಡೆ.

"ಬಂದ್ಯಾ? ಎಲ್ಲಿದ್ದೀಯಾ?" ಅಂದರು. ಅಂದವರು ಬಲಕ್ಕೆ ತಿರುಗಿದರು. ಬಲಕ್ಕೆ, ಇನ್ನೂ ಬಲಕ್ಕೆ, ಗೋಡೆಯಲ್ಲಿ ನನ್ನನ್ನ ಹುಡುಕಿದರು.

"ಇಲ್ಲೇ ಇದ್ದೀನಲ್ಲ ರೀ! ಕಣ್ಣಾಮುಚ್ಚಾಲೆ ಆಡೋ ವಯಸ್ಸಾ ಇದು?" ಅಂತ ನಾನು ನಕ್ಕೆ. ನಕ್ಕೆ, ಗೊತ್ತಾಯ್ತಾ? ಆಮೇಲೆ ಬೋರ್ಡು ನೋಡಿದೆ. "ಅಂಗಡಿ" ಅನ್ನೋದು ಹಳದಿಯಲ್ಲಿ ಫಳಫಳ ಅಂತಿತ್ತು. ಅದರ ಹಿಂದಿನ "ರಿ" ಮುಗಿದಿತ್ತು. "ಪೇ" ಅಕ್ಷರದ ಬಲಭಾಗ ಬಣ್ಣ, ಎಡಭಾಗ ಬರೀ ಸೀಮೆಸುಣ್ಣ. ಅಲ್ಲಿಂದ ಆಚೆಗೆ, ನನ್ನ ಕಡೆ, ಒಂದು ಚುಕ್ಕಿ ಬಣ್ಣ ಇಲ್ಲ. ಕೊನೆಯ "ಡಿ" ಮೇಲೆ ಮಾತ್ರ ಬಣ್ಣ ದಪ್ಪಗೆ ಕೂತು ಕೆಳಗಿಳಿದಿತ್ತು, ಅದನ್ನೇ ಮತ್ತೆ ಮತ್ತೆ ತೀಡಿದ್ದರು.

"ನನ್ನ ಅರ್ಧ ನನಗೇ ಬಿಟ್ಟಿದ್ದೀರಾ?" ಅಂದೆ.

"ಎಲ್ಲಾ ಮುಗೀತು ಕಣೇ, ನೋಡು" ಅಂದರು. ಮಾತು ಸ್ವಲ್ಪ ದಪ್ಪ ಇತ್ತು. ಮಾಸ್ಕ್, ಹನ್ನೆರಡು ದಿನದ ಕೆಮ್ಮು, ಗಂಟಲು ಕಟ್ಟಿದೆ ಅಂದ್ಕೊಂಡೆ.

ಅವರ ಪಾಲು ಮುಗೀತು, ಇನ್ನು ನನ್ನ ಪಾಲು ಅಂತ ಹೇಳ್ತಿದ್ದಾರೆ ಅಂತ ನಾನು ತಿಳ್ಕೊಂಡೆ. ಮಗಳ ಬೋರ್ಡು ಒಬ್ಬರೇ ಮುಗಿಸೋಕೆ ಮನಸ್ಸು ಬಂದಿಲ್ಲ ಇವರಿಗೆ ಅಂತ ನನಗೆ ಒಳಗೊಳಗೇ ಹಿಗ್ಗು. ಬೇರೆ ಯಾವ ಹೆಂಗಸಾದರೂ ಗಾಬರಿ ಬೀಳ್ತಿದ್ದಳು, ನಾನು ಹಿಗ್ಗಿದೆ. ಒಂದು ಅಕ್ಷರ ಅರ್ಧಕ್ಕೆ ಬಿಟ್ಟು ಊಟಕ್ಕೂ ಏಳದ ಮನುಷ್ಯ ಅದು. ಆ ಅರ್ಧ "ಪೇ" ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಎರಡು ದಿನ ಕಳೆದರೆ ಹದಿನಾಲ್ಕು, ಆಗ ಒಳಗೆ ಹೋಗಿ ನನ್ನ ಕಡೆ ತುಂಬ್ತೀನಿ ಅಂತ ಲೆಕ್ಕ ಹಾಕ್ಕೊಂಡು ಮನೆಯೊಳಗೆ ಬಂದೆ.

ಒಂದು ಗಂಟೆಗೆ ಊಟ ತಗೊಂಡು ಹೋದರೆ ತಿಂಡಿ ತಟ್ಟೆ ಕಟ್ಟೆ ಮೇಲೇ ಇತ್ತು. ಅವರ ಬಲಗಡೆ ಅರ್ಧ ಖಾಲಿ, ಎಡಗಡೆ ಅರ್ಧ ಮುಟ್ಟೇ ಇಲ್ಲ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಇವರು ಹಾಸಿಗೆ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. "ಅನ್ನ ಬಿಡೋದು ಯಾವಾಗಿಂದ ಕಲಿತಿರಿ? ನಾನೇನು ಮಣ್ಣು ಬೇಯಿಸಿ ಹಾಕ್ತೀನಾ?" ಅಂತ ಕಿಟಕಿಯಿಂದಲೇ ಕೂಗಾಡಿದೆ. "ಹೂಂ" ಅಂದರು. ಅದಕ್ಕೂ ಕೋಪ ಬಂತು. ಅವರಿಗೆ ನನ್ನಿಂದ ಕೊನೆಗೆ ಸಿಕ್ಕ ಬೈಗುಳ ಅದು.

ಮೂರು ಗಂಟೆಗೆ ಧಡಾರ್ ಅಂತ ಸದ್ದಾಯ್ತು. ಮಗಳು ನನಗಿಂತ ಮೊದಲು ಓಡಿ ಬಾಗಿಲು ತಳ್ಳಿಬಿಟ್ಟಳು. ರೋಗ ಅಂಟುತ್ತೆ ಅನ್ನೋದು ಇಬ್ಬರಿಗೂ ನೆನಪಿರಲಿಲ್ಲ. ಇವರು ನೆಲದ ಮೇಲೆ ಬಿದ್ದಿದ್ದರು, ಬಾಗಿಲ ಚೌಕಟ್ಟಿನ ಎಡಪಟ್ಟಿಗೆ ಹೊಡೆದುಕೊಂಡಿದ್ದರು. ಮಗಳು ಮಾಸ್ಕ್ ಕಿತ್ತಳು. ಬಾಯಿ ಎಡಗಡೆ ಜೋತುಬಿದ್ದು ಜೊಲ್ಲು ಸುರೀತಿತ್ತು. ಎಬ್ಬಿಸೋಕೆ ಹೋಗಿ ನಾನೇ ತೂಕ ತಪ್ಪಿ ಬೋರ್ಡಿಗೆ ಕೈ ಊರಿದೆ. ಸರಿಯಾಗಿ ಆ ಅರ್ಧ "ಪೇ" ಮೇಲೆ. ಅಂಗೈಗೆ ಬಣ್ಣ ಅಂಟಲಿಲ್ಲ.

"ಯಾಕೆ ಇಷ್ಟು ಗಲಾಟೆ? ನನಗೇನೂ ಆಗಿಲ್ಲ" ಅಂತಿದ್ದರು ಇವರು. ಎಡಗೈ ಸತ್ತ ಮೀನಿನ ಹಾಗೆ ಬಿದ್ದಿತ್ತು, ಇವರಿಗೆ ಗೊತ್ತೇ ಇರಲಿಲ್ಲ.

ಆಂಬುಲೆನ್ಸಿನಲ್ಲಿ ಜೊತೆಗಿದ್ದವರು ದಾರಿಯಲ್ಲೇ ಹೇಳಿದರು: ಹೆಪ್ಪು ಕರಗಿಸೋ ಇಂಜೆಕ್ಷನ್ ಒಂದಿದೆ, ಶುರುವಾಗಿ ನಾಲ್ಕೂವರೆ ಗಂಟೆ ಒಳಗಾದರೆ ಕೊಡ್ತಾರೆ, ಆಮೇಲೆ ಕಷ್ಟ. ಆಸ್ಪತ್ರೆ ಬಾಗಿಲಲ್ಲಿ ಕನ್ನಡಕ, ಕವಚ ಎಲ್ಲ ಹಾಕಿಕೊಂಡ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದರು. ಮೊದಲ ಪ್ರಶ್ನೆಯೇ ಅದು: "ಇವರನ್ನ ಕೊನೆಯದಾಗಿ ಸರಿಯಾಗಿದ್ದಾಗ ನೋಡಿದ್ದು ಎಷ್ಟು ಗಂಟೆಗೆ?"

ಮಗಳು ನನ್ನ ಮುಂಗೈ ಹಿಂಡಿದಳು. "ಹನ್ನೆರಡು ಅನ್ನಮ್ಮ" ಅಂತ ಕಿವಿಯಲ್ಲಿ ಪಿಸುಗುಟ್ಟಿದಳು.

ಹನ್ನೆರಡು ಅಂತ ನಾಲಿಗೆ ತುದಿಗೆ ಬಂದಿತ್ತು. ಆದರೆ ನನ್ನ ಅಂಗೈ ಹಾಗೇ ತೆರೆದಿತ್ತು, ಅದರಲ್ಲಿ ಹಳದಿ ಇರಲಿಲ್ಲ. ಎನಾಮಲ್ ಬಣ್ಣ ಕೈಗೆ ಅಂಟದ ಹಾಗೆ ಒಣಗಬೇಕಾದರೆ ಆರೇಳು ಗಂಟೆ ಬೇಕೇಬೇಕು. ಮೂವತ್ತೊಂದು ವರ್ಷ ಅದೇ ಬಣ್ಣದಲ್ಲಿ ಕೈ ಅದ್ದಿದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಸರಿಯಾಗಿದ್ದದ್ದು ನಿನ್ನೆ ಸಂಜೆ" ಅಂದೆ. "ಬೆಳಿಗ್ಗೆ ಎಂಟೂವರೆಗೆ ನಾನು ನೋಡಿದಾಗಲೇ ಅರ್ಧ ಬೋರ್ಡು ಬಿಟ್ಟಿದ್ದರು." ಡಾಕ್ಟರಮ್ಮ ಬರೆಯೋದನ್ನ ನಿಲ್ಲಿಸಿದರು. ಮಗಳು ನನ್ನ ಕೈ ಬಿಟ್ಟಳು.

ತಲೆಯ ಸ್ಕ್ಯಾನ್ ಮಾಡಿದರು. ಮೆದುಳಿನ ಬಲಭಾಗದಲ್ಲಿ ದೊಡ್ಡ ಜಾಗ ಆಗಲೇ ಸತ್ತುಹೋಗಿತ್ತು. ಕೊರೋನಾ ಕೆಲವರಿಗೆ ರಕ್ತ ಹೆಪ್ಪುಗಟ್ಟಿಸುತ್ತೆ, ಜ್ವರ ಬಿಟ್ಟ ಮೇಲೂ ಆಗಬಹುದು, ಆ ಹೆಪ್ಪು ಮೆದುಳಿಗೆ ಹೋಗಿ ಕೂತಿದೆ ಅಂದರು. ಈಗ ಇಂಜೆಕ್ಷನ್ ಕೊಟ್ಟರೆ ಅಲ್ಲೇ ರಕ್ತ ಸುರಿಯುತ್ತೆ, ಸುಳ್ಳು ಹೇಳಿದ್ದರೂ ಸ್ಕ್ಯಾನ್ ನಿಜ ಹೇಳ್ತಿತ್ತು ಅಂತ ಡಾಕ್ಟರಮ್ಮ ನನಗೆ ಸಮಾಧಾನ ಮಾಡಿದರು. ಮಗಳಿಗೆ ಸಮಾಧಾನ ಆಗಲಿಲ್ಲ. "ಎಂಟೂವರೆಗೆ ನೀನು ನೋಡಿದ್ದೆ ಅಲ್ವಾ?" ಅಂತ ಒಂದೇ ಸಲ ಕೇಳಿದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಹತ್ತು ದಿನ ಇವರು ಗಾಜಿನ ಆಚೆಗೆ. ಆಮೇಲೆ ಕೊರೋನಾ ಇಲ್ಲ ಅಂತ ಟೆಸ್ಟ್ ಬಂತು, ಬೇರೆ ವಾರ್ಡಿಗೆ ಹಾಕಿದರು, ದಿನಕ್ಕೆ ಒಂದು ಗಂಟೆ ನನ್ನನ್ನ ಬಿಟ್ಟರು. ಬಲಗೈ ಚೆನ್ನಾಗೇ ಇತ್ತು, ಬರೆಯೋ ಕೈ. ಹಾಳಾದ್ದು ಕೈ ಅಲ್ಲ. ಇವರ ಪಾಲಿಗೆ ಪ್ರಪಂಚದ ಎಡಗಡೆಯೇ ಇರಲಿಲ್ಲ. ಗಡ್ಡ ಅರ್ಧ ಕೆರೆದುಕೊಂಡು ಮುಗೀತು ಅನ್ನೋರು. ನಾನು ಅಭ್ಯಾಸಬಲದಿಂದ ಎಡಕ್ಕೆ ಸ್ಟೂಲ್ ಎಳ್ಕೊಂಡು ಕೂತು, ಸತ್ತ ಕೈಯನ್ನ ಹಿಡ್ಕೊಂಡು ಅರ್ಧ ಗಂಟೆ ಮಾತಾಡಿದರೆ, ಇವರು ನರ್ಸನ್ನ ಕೇಳೋರು: "ನನ್ನ ಹೆಂಡತಿ ಯಾಕೆ ಬರಲ್ಲ ಸಿಸ್ಟರ್? ಧ್ವನಿ ಮಾತ್ರ ಕೇಳುತ್ತೆ." ನಾನು ಎದ್ದು ಬಲಕ್ಕೆ ಹೋಗಿ ನಿಂತರೆ, "ಓ, ಈಗ ಬಂದ್ಯಾ" ಅಂತ ಮುಖ ಅರಳೋದು, ಅದೂ ಅರ್ಧ. ಆ ಕಡೆ ನಿಂತು ನನಗೆ ಅಭ್ಯಾಸವೇ ಇಲ್ಲ, ಕೈಕಾಲು ಎಲ್ಲಿಟ್ಟುಕೊಳ್ಳಲಿ ಅಂತ ಗೊತ್ತಾಗ್ತಿರಲಿಲ್ಲ.

ಒಂದು ದಿನ ತಡೆಯೋಕಾಗದೆ ಹೇಳಿಬಿಟ್ಟೆ. "ತಪ್ಪಾಯ್ತು ರೀ. ಅವತ್ತು ಬೆಳಿಗ್ಗೆ ನಾನು ನೋಡಿದೆ. ಅರ್ಧ ಬೋರ್ಡು ಖಾಲಿ ಬಿಟ್ಟಿದ್ರಿ, ನೋಡಿ ನಕ್ಕು ಹೋಗ್ಬಿಟ್ಟೆ."

"ಅರ್ಧ ಯಾಕೆ ಬಿಡಲಿ?" ಅಂದರು, ಕೋಪದಲ್ಲೇ. "ಪೂರ್ತಿ ಬರೆದಿದ್ದೀನಿ. ಮಗಳ ಬೋರ್ಡು ಅರ್ಧ ಬಿಡ್ತೀನಾ?"

ಕ್ಷಮಿಸೋಕೆ ಮೊದಲು ತಪ್ಪು ಆಗಿದೆ ಅಂತ ಅವರಿಗೆ ಗೊತ್ತಾಗಬೇಕಲ್ಲ. ಅವರ ಲೆಕ್ಕದಲ್ಲಿ ಬೋರ್ಡು ಮುಗಿದಿತ್ತು, ಕೈಕಾಲು ನೆಟ್ಟಗಿತ್ತು, ನಾನು ತಪ್ಪೇ ಮಾಡಿರಲಿಲ್ಲ. ಯಾರ ಹತ್ತಿರ ಕ್ಷಮೆ ಕೇಳಬೇಕೋ ಅವರಿಗೇ ನನ್ನ ತಪ್ಪು ಕಾಣದಿದ್ದರೆ ನಾನು ಎಲ್ಲಿಗೆ ಹೋಗಲಿ, ಹೇಳಿ? ಎಡಗಡೆ ತಿರುಗೋದು ಕಲಿತರೆ ಒಂದು ದಿನ ಬೋರ್ಡು ತಂದು ತೋರಿಸ್ತೀನಿ, ನೋಡಿ ಚೆನ್ನಾಗಿ ಬೈದುಬಿಡಲಿ ಅಂತ ಅದೊಂದೇ ಆಸೆ ಇಟ್ಟುಕೊಂಡೆ.

ವ್ಯಾಯಾಮ ಮಾಡಿಸೋ ಹೆಂಗಸು ಮಂಚದ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿದ್ದರು. "ಆ ಕೆಂಪು ಸಿಗೋವರೆಗೂ ತಲೆ ತಿರುಗಿಸ್ಲಿ. ನೀವು ಎಡಗಡೆಯೇ ನಿಲ್ಲಿ. ಅವರು ಕರೆದ ತಕ್ಷಣ ಬಲಕ್ಕೆ ಓಡಿ ಹೋಗ್ಬೇಡಿ, ಹುಡುಕ್ಲಿ" ಅಂತ ನನಗೆ ಹೇಳಿಕೊಟ್ಟರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ದಿನಾ ಒಂದೊಂದು ಬೆರಳಿನಷ್ಟು ಈ ಕಡೆ ಬರ್ತಿದ್ದರು. ಮೂಗಿನ ನೇರ ದಾಟಿದರು. ಆಸ್ಪತ್ರೆ ಸೇರಿದ ಇಪ್ಪತ್ತೆರಡನೇ ದಿನ ಕೆಂಪು ಪಟ್ಟಿಗೆ ಒಂದು ಗೇಣು ಬಾಕಿ ಇತ್ತು.

ಅವತ್ತು ಕಣ್ಣು ಬಿಟ್ಟು "ಬಂದ್ಯಾ?" ಅಂದರು.

ನಾನು ಉಸಿರು ಬಿಗಿಹಿಡಿದು ಎಡಗಡೆ ನಿಂತೆ. ಇವತ್ತು ತಿರುಗೇ ತಿರುಗ್ತಾರೆ, ಧ್ವನಿ ಕೂಡ ಕೊಡಬಾರದು, ಅವರೇ ಹುಡುಕಲಿ ಅಂತ ಹಟ. ನನ್ನ ಹಟ ನಿಮಗೆ ಗೊತ್ತಲ್ಲ. ತಲೆ ಸ್ವಲ್ಪ ಈ ಕಡೆ ಬಂತು. ಇನ್ನೂ ಸ್ವಲ್ಪ. "ಬಂದ್ಯಾ?" ಅಂತ ಇನ್ನೊಂದು ಸಲ ಕೇಳಿದರು. ನಾನು ತುಟಿ ಕಚ್ಚಿಕೊಂಡೆ. ಕಣ್ಣು ಕೆಂಪು ಪಟ್ಟಿಯ ಹತ್ತಿರಹತ್ತಿರ ಬಂದು ಅಲ್ಲೇ ನಿಂತಿತು, ಆಮೇಲೆ ಸುಸ್ತಾಗಿ ವಾಪಸ್ ಹೋಯ್ತು. "ಇನ್ನೂ ಬಂದಿಲ್ಲ" ಅಂತ ತಮ್ಮಷ್ಟಕ್ಕೆ ಹೇಳಿಕೊಂಡು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತು. ಹೊತ್ತಾಯ್ತು ಹೊರಡಿ ಅಂದರು ನರ್ಸು. ನಾಳೆ ಆ ಒಂದು ಗೇಣು ದಾಟ್ತಾರೆ ಬಿಡಿ ಅಂದೆ ನಾನು.

ಮಾರನೇ ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಇನ್ನೊಂದು ಹೆಪ್ಪು, ಈ ಸಲ ಶ್ವಾಸಕೋಶಕ್ಕೆ. ಬೆಳಗಾಗೋ ಮೊದಲೇ ಹೋಗಿಬಿಟ್ಟಿದ್ದರು.

ಅಂಗಡಿ ತೆರೆಯೋಕೆ ಅನುಮತಿ ಸಿಕ್ಕಿದ್ದು ಎರಡು ತಿಂಗಳಾದ ಮೇಲೆ. ಮಗಳು ಕೆಲಸದ ಕೋಣೆಯ ಬೀಗ ತೆಗೆದು, ಬೋರ್ಡಿನ ಧೂಳು ಒರೆಸಿ, ಹಳದಿ ಡಬ್ಬಿ ಕಲಕಿ ನನ್ನ ಮುಂದಿಟ್ಟಳು. "ಅಮ್ಮ, ನಿನ್ನ ಕಡೆ ಮುಗಿಸು" ಅಂದಳು. ಅಷ್ಟು ದಿನ ಆದ ಮೇಲೆ ನನ್ನ ಜೊತೆ ಅವಳು ಆಡಿದ ಮೊದಲ ಮಾತು ಅದು. ನಾನು ಅವಳ ಮುಖ ನೋಡಲಿಲ್ಲ, ಅಳು ಬಂದರೆ ಸಾಲು ಸೊಟ್ಟ ಆಗುತ್ತೆ.

"ಚ" ಇಂದ ಶುರು ಮಾಡಿದೆ. ಅವರು ಗೀಚಿದ ಸೀಮೆಸುಣ್ಣ ಹಾಗೇ ಇತ್ತು. "ಕ್ರ" ಮುಗೀತು. "ಸೈಕಲ್" ಮುಗಿಯೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಮೊದಲ "ರಿ" ತುಂಬಿದೆ. ಆಮೇಲೆ ಆ ಅರ್ಧ "ಪೇ". ಇಂಥ ಜಾಗದಲ್ಲಿ ಯಾವಾಗಲೂ ನನ್ನ ಬಲಭುಜಕ್ಕೆ ಅವರ ಭುಜ ತಾಗೋದು. ಎಡಗಡೆಯಿಂದ ಮೆಲ್ಲಗೆ ಬಣ್ಣ ಎಳ್ಕೊಂಡು ಬಂದೆ. ನನ್ನ ಹಸಿ ಹಳದಿ ಅವರ ಒಣಗಿದ ಹಳದಿಗೆ ಮುಟ್ಟಿತು. ಕೋಣೆಯಲ್ಲಿ ಯಾರೂ ಏನೂ ಕೇಳಲಿಲ್ಲ.

"ಬಂದೆ ರೀ" ಅಂದೆ. "ಅವತ್ತೂ ಬಂದಿದ್ದೆ. ಎಡಗಡೆಯೇ ಇದ್ದೆ."

ಬಾಗಿಲಲ್ಲಿ ನಿಂತಿದ್ದ ಮಗಳು "ಯಾರ ಹತ್ರಮ್ಮ ಮಾತಾಡ್ತಿದ್ದೀಯಾ?" ಅಂದಳು. ಆಮೇಲೆ ಒಳಗೆ ಬಂದು ನನ್ನ ಕೈಯಿಂದ ಬ್ರಷ್ಷು ತಗೊಂಡು, ಅದನ್ನ ತೊಳೆಯೋಕೆ ಕೂತಳು.